ಸೋಮವಾರದ ಹಾಡುಗಳು

"ಈ ಪದ ಕೇಳಿದ್ರ ನನಗ ಹಸಿವಾಗತೈತಿ ನೋಡಲೇ! ಯಾಕಂತ ಕೇಳಬ್ಯಾಡ..."

ಹೊಲದ ಬದುವಿನ ಮೇಲೆ ವಿದ್ಯಾವತಿಯ ಕಾಲುಗಳು ಗಕ್ಕನೆ ನಿಂತವು.

ಅಣ್ಣನ ದನಿ! ಚೇತನಕುಮಾರನದೇ ದನಿ. ಮಾತಿನ ನಡುವೆ ಮೂಗೆಳೆಯುವ ಆ ಹಾಳು ಚಟ ಕೂಡ ಅವನದೇ. ಆದರೆ ಚೇತನಕುಮಾರ ಎದುರಿನ ಬೇವಿನ ಗಿಡದ ಕೆಳಗೆ ಮಣ್ಣಲ್ಲಿ ಮಲಗಿ ಎರಡು ವರ್ಷವಾಗಿತ್ತು.

ಸಾರವಾಡದ ಈ ಹೊಲ ಅವರ ಮನೆತನದ್ದು. ಪಾಲಿಗೆ ಮಾಡುವ ಲಕ್ಕವ್ವ ಫೋನು ಮಾಡಿದಾಗಲೆಲ್ಲ ಒಂದೇ ಮಾತು. "ವಿದ್ಯವ್ವಾ, ಸೋಮವಾರ ಹೊತ್ತ ಮುಳಗೂ ಮುಂದ ಚೇತಪ್ಪನ ದನಿ ಕೇಳಸ್ತೈತಿ. ಆಳು ಒಬ್ರೂ ಆ ಕಡೆ ಹಾಯವಲ್ರು. ನಾನೂ ಹೋಗೂದಿಲ್ಲವಾ! ಒಂದ ಕಾಯಿ ಒಡಸ್ರಿ."

ಊರ ಬಾಯಿಗೆ ಮುಚ್ಚಳ ಉಂಟೇ? ಚೇತಪ್ಪ ದೆವ್ವವಾಗಿದ್ದಾನೆಂದು ಅರ್ಧ ಸಾರವಾಡ ನಂಬಿ ಕುಳಿತಿತ್ತು.

'ಎಲ್ಲಾ ಸುಳ್ಳು' ಎಂದು ತೋರಿಸಲು ಬಂದೆ ಅಂತ ವಿದ್ಯಾ ತನಗೆ ತಾನೇ ಹೇಳಿಕೊಂಡಿದ್ದಳು. ನಿಜ ಬೇರೆಯೇ ಇತ್ತು. ಸುಳ್ಳಾಗದಿರಲಿ ಎಂದು ಬಂದಿದ್ದಳು ಆಕೆ. ಅಣ್ಣನ ಮುಖಕ್ಕೆ ಗೋಡೆಯ ಮೇಲೆ ಫೋಟೋ ಇತ್ತು. ದನಿಗೆ ಏನೂ ಇರಲಿಲ್ಲ. ಬೈಕಿನ ಜೊತೆ ಅವನ ಫೋನೂ ಪುಡಿಯಾಗಿತ್ತು. ಇತ್ತೀಚೆಗೆ ಕಣ್ಣು ಮುಚ್ಚಿ ಎಷ್ಟು ನೆನೆದರೂ ಆ ದನಿ ಕಿವಿಗೆ ಸಿಗುತ್ತಿರಲಿಲ್ಲ. ಅದೇ ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು.

ಅಷ್ಟರಲ್ಲಿ ಕವ್ವಾಲಿಯೊಂದು ಶುರುವಾಯಿತು. ದೆವ್ವಕ್ಕೆ ಕವ್ವಾಲಿಯೇ?

ಜೋಳದ ಬೆಳೆ ಸರಿಸಿಕೊಂಡು ಓಡಿದಳು. ರಸ್ತೆಯಂಚಿನ ಜಾಲಿಗಿಡದ ಕೆಳಗೆ ಒಂದು ಕೆಂಪು ಟ್ರ್ಯಾಕ್ಟರ್. ಎರಡೂ ಕಡೆ ದೊಡ್ಡ ಸೌಂಡ್ ಬಾಕ್ಸು. ಸೀಟಿನ ಮೇಲೆ ಕಣ್ಣು ಮುಚ್ಚಿ ಕುಳಿತವನು... ಸಿದ್ದಲಿಂಗೇಶ!

ಬಿಜ್ಜರಗಿಯ ಸಿದ್ದಲಿಂಗೇಶ. ಅಣ್ಣನ ಜೀವದ ಗೆಳೆಯ. ಅವನು ಮನೆಗೆ ಬಂದಾಗ ಚಹಾಕ್ಕೆ ಒಂದು ಚೂರು ಹೆಚ್ಚೇ ಶುಂಠಿ ಜಜ್ಜುತ್ತಿದ್ದಳು ವಿದ್ಯಾ. "ಮುಂದಿನ ವಾರ ಬಿಜ್ಜರಗಿಯವ್ರು ನಿನ್ನ ಕೇಳಾಕ ಬರ್ತಾರ, ತಯಾರಾಗಿರು" ಎಂದು ಅಣ್ಣ ಕಣ್ಣು ಮಿಟುಕಿಸಿದ್ದ. ಆ ವಾರವೇ ಅಣ್ಣ ಹೋದ. ಕೇಳಲು ಯಾರೂ ಬರಲಿಲ್ಲ. ಅಣ್ಣನ ಮಣ್ಣಿಗೂ ಇವನು ಬರಲಿಲ್ಲ.

"ಬಿಜ್ಜರಗಿ ಟ್ರ್ಯಾಕ್ಟರಿಗೆ ಸಾರವಾಡದಾಗ ಏನ್ ಕೆಲಸಾರೀ? ಅದೂ ಸೋಮವಾರ?"

ಸಿದ್ದಲಿಂಗೇಶ ಬೆಚ್ಚಿ ಹಾಡು ನಿಲ್ಲಿಸಿದ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವನು ಟ್ರ್ಯಾಕ್ಟರಿಗೂ ಅದೇ ನೇಮ ಹಿಡಿದವನು. "ನಿನ್ನ ಟ್ರ್ಯಾಕ್ಟರು ಬಸವಣ್ಣನ ಪೈಕಿ ಏನಲೇ?" ಎಂದು ಅಣ್ಣ ಕಾಡುತ್ತಿದ್ದ. ಇವತ್ತೂ ಅದರ ಹಿಂದೆ ನೇಗಿಲು ಇರಲಿಲ್ಲ.

"ಕೆಲಸಾ ಇಲ್ರಿ..." ಅವನು ಕೆಳಗಿಳಿದ. "ಅವಗ ಹಾಡ ಕೇಳಸಾಕ ಬರ್ತೀನಿ."

ಒಂದು ಕ್ಷಣ ವಿದ್ಯಾಳ ಎದೆ ಕರಗಿತು. ಮರುಕ್ಷಣವೇ ಕುದಿಯಿತು.

"ಒಂದ ಮುಟಗಿ ಮಣ್ಣ ಹಾಕಾಕ ಬರಲಿಲ್ಲ, ಈಗ ಹಾಡ ಕೇಳಸಾಕ ಬಂದೀರಿ? ಎಷ್ಟ ಸಲ ಉಂಡೀರಿ ನಮ್ಮ ಮನ್ಯಾಗ! ಅವ್ವ ಎರಡ ವರ್ಷದಿಂದ ಮಗನ ದನಿಗೆ ಹಂಬಲಿಸಾಕತ್ಯಾಳ. ನೀವು ಅದನ್ನ ಕಿಸೇದಾಗ ಇಟಗೊಂಡ ಅಡ್ಯಾಡಾಕತ್ತೀರಿ!"

ಅವನು ಟ್ರ್ಯಾಕ್ಟರಿನ ಕಡೆ ತಿರುಗಿದ.

"ಮಾತಾಡ್ರಿ!"

"ಹೇಳಾಕ ನನ್ನ ಕಡೆ ಏನೂ ಇಲ್ರಿ." ಪೆನ್ ಡ್ರೈವ್ ಕಿತ್ತು ಆಕೆಯ ಅಂಗೈಗಿಟ್ಟ. "ಹೊಸಾ ಬಾಕ್ಸ್ ಹಾಕಸ್ತೀನಿ ಅಂದಾಗ ತುಂಬಿ ಕೊಟ್ಟಿದ್ದ. ಒಂದ ಹಾಡು, ಅದರ ಹಿಂದ ಅವನ ಮಾತು. ಕಡೀದು ಒಂದ ನಾ ಇನ್ನೂ ಕೇಳಿಲ್ರಿ."

"ಯಾಕ?"

"ಅದನ್ನೂ ಕೇಳಿದ್ರ... ಅವ ಮಾತಾಡೂದು ಮುಗದ ಹೋಗತೈತ್ರಿ."

ಟ್ರ್ಯಾಕ್ಟರ್ ಹೊರಟುಹೋಯಿತು. ಸಿಟ್ಟು ಇನ್ನೂ ಇತ್ತು. ಆದರೂ ಆ ಸದ್ದು ದೂರವಾಗುವ ತನಕ ವಿದ್ಯಾ ಅಲ್ಲಿಂದ ಕದಲಲಿಲ್ಲ.

ವಿಜಯಪುರದಲ್ಲಿ, ಅಥಣಿ ರಸ್ತೆಯ ಅವರ ಮನೆಯಲ್ಲಿ ಎರಡು ವರ್ಷದಿಂದ ಹಾಡೇ ಇರಲಿಲ್ಲ. ತಾಯಿ ಗುರುಬಸವ್ವ ಟಿವಿಯ ವೈರನ್ನೇ ಕಿತ್ತಿಟ್ಟಿದ್ದಳು. ಓಣಿಯಲ್ಲಿ ಮದುವೆಯ ಮೈಕು ಹತ್ತಿದರೆ ಕಿಟಕಿ ಮುಚ್ಚುತ್ತಿದ್ದಳು.

ಮರುದಿನ ವಿದ್ಯಾ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ರೊಟ್ಟಿ ಬಡಿಯತೊಡಗಿದಳು.

ಡೊಳ್ಳಿನ ಪದವಾಯಿತು, ಅಭಂಗವಾಯಿತು. ಆ ಕವ್ವಾಲಿ ಮುಗಿದ ಮೇಲೆ ಅಣ್ಣ ನಕ್ಕ. "ಇದು ಬಂದೇನವಾಜ ಮಾಮಾನ ಆಟೋದಾಗ ಕೇಳಿದ್ದು. ಒಂದಕ್ಷರ ತಿಳೀಲಿಲ್ಲ. ಆದ್ರೂ ಗೋಳಗುಮ್ಮಟ ಬಂದ್ರೂ ನಾ ಇಳೀಲಿಲ್ಲ. ಮತ್ತೊಂದ ಸುತ್ತ ಹೊಡಿ ಮಾಮಾ ಅಂದೆ!"

ಆಮೇಲೆ ಯಾವುದೋ ಇಂಗ್ಲಿಷ್ ಹಾಡು. "ಈಕಿ ಏನ್ ಹಾಡ್ತಾಳೋ ಆ ಸಿದ್ಧೇಶ್ವರಗs ಗೊತ್ತು. ಆದ್ರ ಈಕೀನ್ನ ಯಾರೋ ಬಿಟ್ಟ ಹೋಗ್ಯಾರ. ಅದಕ್ಕ ಇಂಗ್ಲಿಷ್ ಬೇಕಾಗಿಲ್ಲ."

ಬಡಿಯುತ್ತಿದ್ದ ಕೈ ನಿಂತಿತು. ಹೌದಣ್ಣಾ... ಅದಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ.

ಮುಂದೆ ಹೆಂಗಸರು ಕೂಡಿ ಹಾಡಿದ ಸೋಬಾನ ಪದ. "ಇದನ್ನ ನಮ್ಮ ವಿದ್ಯಾನ ಮದುವಿಗೆ ತಗದ ಇಟ್ಟೇನಿ. ಅವತ್ತ ನಾ ಅಳೂದಿಲ್ಲ, ಈಗs ಹೇಳಿರ್ತೀನಿ. ಅತ್ರ ಅದು ಹೋಳಗಿ ಒಲಿ ಹೊಗಿ!"

ವಿದ್ಯಾ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

"ಏನ್ ಕೇಳಾಕತ್ತಿ?"

ಬಾಗಿಲಲ್ಲಿ ಅವ್ವ! ವಿದ್ಯಾ ಕೈ ಒರೆಸಿಕೊಂಡಳು. ಒಂದು ಕಿವಿಯ ಇಯರ್‌ಫೋನ್ ತೆಗೆದು ತಾಯಿಯ ಕಿವಿಗಿಟ್ಟಳು. ಗುರುಬಸವ್ವ ಗೋಡೆ ಹಿಡಿದು ಅಲ್ಲೇ ಕುಳಿತಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು.

ಬಹಳ ಹೊತ್ತಿನ ಮೇಲೆ ಅವ್ವ ಇಯರ್‌ಫೋನ್ ಕಿತ್ತೆಸೆದಳು. ವಿದ್ಯಾಳ ಜೀವ ಹಾರಿತು.

"ಈ ದಾರಾ ಗೀರಾ ತಗದ ಒಗಿ. ಜೋರ ಹಚ್ಚು! ನನ್ನ ಮಗಾ ಪಿಸುಗುಟ್ಟಾಂವ ಅಲ್ಲ."

ಅವತ್ತು ತಾಯಿ ಮಗಳು ಸೀದ ರೊಟ್ಟಿಯನ್ನೇ ಉಂಡರು, ಅವನು ಮಾತಾಡುತ್ತಲೇ ಇದ್ದ. ಕೊನೆಯದೊಂದು ಉಳಿದಾಗ ವಿದ್ಯಾಳ ಬೆರಳು ಮುಂದೆ ಹೋಗಲಿಲ್ಲ. ಆ ಟ್ರ್ಯಾಕ್ಟರಿನವನ ಮಾತು ಈಗ ಆಕೆಗೆ ಅರ್ಥವಾಗಿತ್ತು.

ಮುಂದಿನ ಸೋಮವಾರ ಮತ್ತೆ ಸಾರವಾಡ. ಲಕ್ಕವ್ವನಿಗೆ ಖುಷಿಯೋ ಖುಷಿ. "ಇವತ್ತ ದನಿ ಇಲ್ಲ ನೋಡವಾ!"

"ದೆವ್ವಾ ಅಲ್ಲ ಲಕ್ಕವ್ವಾ. ಬಿಜ್ಜರಗಿ ಸಿದ್ದಲಿಂಗೇಶ ಹಚ್ಚತಿದ್ದ ಹಾಡು."

ಲಕ್ಕವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಆ ಹುಡುಗನಾ? ಮಣ್ಣಿನ ದಿನಾನೂ ಬಂದಿತ್ತವ್ವಾ ಪಾಪ..."

"ಬಂದಿದ್ದನಾ?"

"ನೀ ಅವ್ವನ್ನ ಹಿಡಕೊಂಡ ಕುಂತಿದ್ದಿ, ನೋಡಿಲ್ಲ. ನಿಮ್ಮ ಕಾಕಾ ಶಿವಯೋಗೆಪ್ಪ ಅಡ್ಡ ನಿಂತ್ರು. 'ನೀ ಕರದಿದ್ದಕ್ಕs ಹುಡುಗ ಹೊಂಟಿತ್ತು, ನಿನ್ನ ಮಣ್ಣ ಅವಗ ಬ್ಯಾಡ' ಅಂದ್ರು. ಮನಿಯವ್ರು ಬ್ಯಾಡ ಅಂದ ಮ್ಯಾಲ ಹ್ಯಾಂಗ ಹಾಕ್ತಾನ? ಎಲ್ಲಾರೂ ಹೋದ್ರೂ ಆ ಜಾಲಿಗಿಡದ ಬುಡಕ್ಕ ಮುಟಗಿ ಬಿಗಿ ಹಿಡದ ನಿಂತಿದ್ದ. ಮಣ್ಣ ಕೈಯಾಗs ಇತ್ತವ್ವಾ..."

ವಿದ್ಯಾ ಜಾಲಿಗಿಡದ ಕಡೆ ತಿರುಗಿದಳು. ಕೆಂಪು ಟ್ರ್ಯಾಕ್ಟರ್ ಅಲ್ಲೇ ಇತ್ತು. ಹಾಡಿಲ್ಲದಿದ್ದರೂ ಅವನು ಬಂದಿದ್ದ.

ಏನೇನೋ ಹೇಳಬೇಕೆಂದು ಹೋದಳು. ಎದುರು ನಿಂತಾಗ ಇಷ್ಟೇ ಹೊರಟಿತು.

"ಅವತ್ತ ಯಾಕ ಹೇಳಲಿಲ್ರಿ?"

"ನಿಮ್ಮ ಕಾಕಾ ಅಂದದ್ದು ಸುಳ್ಳಲ್ಲಲ್ರೀ." ಸಿದ್ದಲಿಂಗೇಶ ಬೇವಿನ ಗಿಡದ ಕಡೆ ನೋಡಿದ. "ನಾನs ಫೋನ್ ಮಾಡಿದ್ದೆ. ಬಾಕ್ಸ್ ಕುಂತಾವ, ಲಗೂ ಬಾರಲೇ ಅಂದೆ. ದಾರ್ಯಾಗ ಟಿಕೋಟಾ ದಾಟಲಿಲ್ಲ ಅವ. ಯಾವ ಮುಖಾ ಇಟಗೊಂಡ ನಿಮ್ಮನ್ನ ಕೇಳಾಕ ಬರ್ಲಿ? ಮನಸಿನ್ಯಾಗ ಬ್ಯಾರೆ ಯಾರನ್ನೂ ಇಟಗೊಂಡಿಲ್ರಿ. ಆದ್ರ ನಿಮ್ಮ ಹೊಸ್ತಿಲಾ ಹತ್ತಾಕ ಕಾಲ ಏಳವಲ್ವು."

ವಿದ್ಯಾಳ ಕಣ್ಣು ತುಂಬಿ ಬಂತು. "ಹೊಸಾ ಬಾಕ್ಸ್ ಅಂದ್ರ ಅವ ಕರೀದಿದ್ರೂ ಓಡಿ ಬರ್ತಿದ್ದ. ನನ್ನ ಅಣ್ಣನ್ನ ನನಗ ಗೊತ್ತಿಲ್ಲೇನು?"

ಅವನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದಳು. ಬಗ್ಗಿ ಒಂದು ಹಿಡಿ ಕರಿಮಣ್ಣು ತೆಗೆದು ಅವನ ಬೊಗಸೆಗೆ ಸುರಿದಳು.

"ಹಾಕ್ರಿ. ಮನಿ ಮಗಳು ಹೇಳಾಕತ್ತೇನಿ, ಹಾಕ್ರಿ."

ಸಿದ್ದಲಿಂಗೇಶ ಮೊಣಕಾಲೂರಿದ. ಬೊಗಸೆ ಬಿಚ್ಚಿತು. "ತಡಾ ಆತಲೇ ಚೇತ್ಯಾ..." ಎಂದು ಬಿಕ್ಕಿ ಬಿಕ್ಕಿ ಅತ್ತ. ಎರಡು ವರ್ಷದ ಅಳು ಅದು. ವಿದ್ಯಾ ಅವನ ಭುಜದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

ಆಮೇಲೆ ಪೆನ್ ಡ್ರೈವನ್ನು ತಾನೇ ಟ್ರ್ಯಾಕ್ಟರಿಗೆ ಸಿಕ್ಕಿಸಿದಳು. "ಕಡೀದು ಕೂಡಿ ಕೇಳೂಣ್ರಿ."

ಯಾವುದೋ ಕೊಳಲು, ಯಾವ ನಾಡಿನದೋ. ಕೊಳಲು ನಿಂತಿತು. ಕೊರಕೊರ ಸದ್ದು... ಮೂಗೆಳೆದ ಸದ್ದು...

"ಇದೇನ್ ಅಷ್ಟ ಚಲೋ ಇಲ್ಲ ಬಿಡಲೇ ಸಿದ್ದ್ಯಾ. ತುಂಬೂ ಮುಂದ ಚಲೋ ಅನಿಸಿತ್ತು. ಇರ್ಲಿ, ಮುಂದಿಂದು ಹಚ್ಚು."

ಅಷ್ಟೇ! ಎರಡು ವರ್ಷ ಕಾಯ್ದಿಟ್ಟ ಮಾತು ಅಷ್ಟೇ!

ಇಬ್ಬರೂ ಮುಖ ಮುಖ ನೋಡಿಕೊಂಡರು. ವಿದ್ಯಾಳಿಗೆ ಫಕ್ಕನೆ ನಗು ಬಂತು, ಅವನಿಗೂ ಬಂತು. ನಗುತ್ತ ನಗುತ್ತಲೇ ಇಬ್ಬರ ಕಣ್ಣೂ ಒದ್ದೆಯಾದವು.

"ಮುಂದಿಂದು ಇಲ್ಲಲ್ರೀ..." ಎಂದ ಅವನು ಮೆಲ್ಲಗೆ.

"ಐತಿ."

ವಿದ್ಯಾ ಗುಂಡಿ ಒತ್ತುತ್ತ ಹಿಂದೆ ಹಿಂದೆ ಹೋದಳು. ಒಂದು ಕಡೆ ನಿಲ್ಲಿಸಿದಳು. ದೊಡ್ಡ ಬಾಕ್ಸುಗಳಿಂದ ಹೆಂಗಸರ ಸೋಬಾನ ಪದ ಎದ್ದು ಜೋಳದ ಮೇಲೆ ಹಾಯ್ದು ಹೋಯಿತು. ದೂರದಲ್ಲಿ ಲಕ್ಕವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

ಸಿದ್ದಲಿಂಗೇಶ ಕಕ್ಕಾಬಿಕ್ಕಿಯಾದ. "ವಿದ್ಯಾ... ಈ ಹಾಡ ಯಾವಾಗ ಹಚ್ಚಬೇಕಂತ ಅವ ಹೇಳ್ಯಾನ್ರಿ."

"ಗೊತ್ತೈತಿ." ಆಕೆ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ನಮ್ಮ ಮನಿಗೆ ಬರೂದು ಎರಡ ವರ್ಷ ತಡಾ ಆಗೇತಿ. ಬಸ್ ತಪ್ಪೇತೇನು?"

"ಮುಂದಿನ ಸೋಮವಾರ ನಾನs ಕರಕೊಂಡ ಬರ್ತೀನಿ. ಟ್ರ್ಯಾಕ್ಟರ್ ಖಾಲಿ ಇರತೈತಿ."

"ಅವ್ವ ಜೋರ ಹಚ್ಚಂತಾಳ ಮತ್ತ. ಬಾಕ್ಸ್ ಬಿಚ್ಚಬ್ಯಾಡ್ರಿ."

ಸೋಬಾನ ಮುಗಿಯುತ್ತ ಬಂದಿತ್ತು. ಆಕೆ ಇನ್ನೂ ಅಳುತ್ತಿರುವುದನ್ನು ಕಂಡು ಸಿದ್ದಲಿಂಗೇಶ ಗುಂಡಿಯ ಕಡೆ ಕೈ ಚಾಚಿದ. ವಿದ್ಯಾ ಆ ಕೈಯನ್ನು ಹಿಡಿದುಕೊಂಡಳು. ಬೆರಳ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು.

"ಬಂದ್ ಮಾಡಬ್ಯಾಡ... ಈಗ ಅಣ್ಣ ಮಾತಾಡ್ತಾನ."