ಮೂರಕ್ಕೆ ತಗಡಿಲ್ಲ

"ತಿರುಗಿಸೇ ಕಡ್ಡಿ, ತಿರುಗಿಸು! ನಾಲ್ಕಾಯ್ತು!" ಅತ್ತೆ ಕೂಗಿದಳು.

ಕಡ್ಡಿ ಮೂರರ ತಗಡನ್ನು ಕೊಕ್ಕೆಯಿಂದ ಬಿಡಿಸಿ, ಹಿಂದುಮುಂದು ಮಾಡಿ ಮತ್ತೆ ತೂಗುಹಾಕಿದಳು. ಅದರ ಬೆನ್ನ ಮೇಲೆ ನಾಲ್ಕು ಬರೆದಿತ್ತು. ಬೋರ್ಡಿನಾಚೆ ನೀಲಿ ಜೆರ್ಸಿಯವರು 'ಹೋ' ಎಂದು ಕುಣಿದರು.

ಕಡ್ಡಿಗೆ ಹತ್ತು ವರ್ಷ. ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು, ಅದಕ್ಕೇ ಆ ಹೆಸರು. ಅತ್ತೆ, ಅಂದರೆ ಅಪ್ಪನ ಅಕ್ಕ, ಅಂಗಡಿಗಳಿಗೆ ಬೋರ್ಡ್ ಬರೆಯುವವಳು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಬಣ್ಣ. ಹಳದಿ ಕ್ಲಬ್ಬಿನ ಸ್ಕೋರ್ ಬೋರ್ಡೂ ಅವಳದೇ ಕೈಬರಹ.

ಆ ಮರದ ಬೋರ್ಡಿನಲ್ಲಿ ಕಿಟಕಿಯಂಥ ಎರಡು ಚೌಕಗಳು. ಒಂದರ ಮೇಲೆ 'ನಾವು', ಇನ್ನೊಂದರ ಮೇಲೆ 'ಅವರು'. ಬೋರ್ಡಿನ ಹಿಂದೆ ಹಲಗೆಯ ಮೇಲೆ ನಿಂತು ತಗಡು ಬದಲಾಯಿಸಬೇಕು. 'ಅವರು' ಡಬ್ಬದಲ್ಲಿ ಒಂಬತ್ತರವರೆಗೂ ತಗಡುಗಳಿದ್ದವು. ತಗಡು ಉಳಿಯಲಿ ಅಂತ ಎರಡೂ ಬದಿ ಬರಹ. 'ನಾವು' ಡಬ್ಬದಲ್ಲಿ ಸೊನ್ನೆ, ಒಂದು, ಎರಡು. ಅಷ್ಟೇ.

"ಮೂರು ಯಾಕಿಲ್ಲ?" ಎಂದು ಕಡ್ಡಿ ಹಿಂದೊಮ್ಮೆ ಕೇಳಿದ್ದಳು.

"ಬರೆದಿದ್ದೆ ಕಣೇ. ಆರು ವರ್ಷ ಡಬ್ಬದಲ್ಲೇ ಕೂತು ತುಕ್ಕು ಹಿಡೀತು. ಮತ್ತೆ ಬಣ್ಣ ಯಾಕೆ ದಂಡ?" ಎಂದಿದ್ದಳು ಅತ್ತೆ.

ಹಾಫ್ ಟೈಮ್ ಸೀಟಿ ಕೇಳಿಸಿತು. ನಾವು ಸೊನ್ನೆ, ಅವರು ನಾಲ್ಕು.

ಇದೇ ಸಮಯ ಅಂದುಕೊಂಡಳು ಕಡ್ಡಿ. ವಾರವಿಡೀ ಆ ಮಾತನ್ನು ಹೇಳದೆ ಇಟ್ಟುಕೊಂಡಿದ್ದಳು. ಸ್ಕೂಲಲ್ಲಿ ಹಳದಿ ಕ್ಲಬ್ ಅಂದರೆ ಎಲ್ಲರಿಗೂ ನಗು. 'ಸೊನ್ನೆ ಸಂಘ' ಅಂತ ಹೆಸರೇ ಇಟ್ಟಿದ್ದರು. ಅದಕ್ಕೇ ಕಡ್ಡಿ ಕ್ಲಾಸಿನಲ್ಲಿ "ನಾನೂ ನೀಲಿ" ಅಂದುಬಿಟ್ಟಿದ್ದಳು. ಬೋರ್ಡಿನ ಹಿಂದೆ ತಗಡು ತಿರುಗಿಸುವವರು ಯಾರು ಅಂತ ಮುಂದಿನವರಿಗೆ ಹೇಗೆ ಕಾಣಬೇಕು? ಪಕ್ಕದ ಬೆಂಚಿನ ಎರಡು ಜಡೆಯ ಹುಡುಗಿಗಂತೂ ಖುಷಿಯೋ ಖುಷಿ. "ಮುಂದಿನ ಶನಿವಾರದಿಂದ ನಮ್ಮ ಜೊತೆ ಬಾರೇ, ನೀಲಿ ಕ್ಲಬ್ಬಿನ ಗ್ರೌಂಡಿಗೆ. ನಮ್ಮಕ್ಕನ ಹಳೇ ಜೆರ್ಸಿ ಕೊಡ್ತೀನಿ" ಅಂದಿದ್ದಳು.

ಮುಂದಿನ ಶನಿವಾರದಿಂದ ನಾನು ಬರಲ್ಲ ಅತ್ತೆ. ಇಷ್ಟೇ ಹೇಳಬೇಕಾಗಿದ್ದದ್ದು.

"ಅತ್ತೆ, ನೀನು ಯಾವಾಗಿಂದ ಈ ಟೀಮು?" ಬಾಯಿಂದ ಬಂದದ್ದು ಬೇರೆಯೇ ಮಾತು.

"ಅಪ್ಪನ ಹೆಗಲ ಮೇಲೆ ಕೂತು ನೋಡ್ತಿದ್ದಾಗಿಂದ."

"ಒಂದು ಸಲವಾದ್ರೂ ಕಪ್ ಗೆದ್ದಿದಾರಾ?"

"ಗೆದ್ದಿದಾರಲ್ಲ! ಒಂದು ಸಲ."

"ಹೇಗಿತ್ತು?"

"ನನಗೇನು ಗೊತ್ತು! ಅವತ್ತು ನನಗೆ ಜ್ವರ. ಮನೆಯಲ್ಲಿ ಮುಸುಕು ಹೊದ್ದು ಮಲಗಿದ್ದೆ." ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡ್ಡಿಗೂ ನಗು ಬಂತು. ನಗುತ್ತಾ ಆ ಮಾತು ಹೇಳೋದು ಹೇಗೆ? ಅಷ್ಟರಲ್ಲಿ ಆಟ ಮತ್ತೆ ಶುರುವಾಯಿತು.

ಆಮೇಲೆ ಆದದ್ದನ್ನು ಹಳದಿಯವರೇ ನಂಬಲಿಲ್ಲ. ನೀಲಿಯ ಗೋಲ್‌ಕೀಪರ್ ಕಾಲು ಜಾರಿ ಬಿದ್ದ, ಒಂದಾಯ್ತು. ಅವನು ಸಿಟ್ಟಿನಲ್ಲಿ ತಪ್ಪಾಗಿ ಒದ್ದ ಚೆಂಡು ಹಳದಿಯವರ ಕಾಲಿಗೇ ಬಂತು, ಎರಡಾಯ್ತು.

"ಎರಡು! ಎರಡು ಎಲ್ಲಿಟ್ಟೆ?" ಅತ್ತೆ ಡಬ್ಬವನ್ನೇ ಬೋರಲು ಹಾಕಿದಳು. ಎರಡರ ತಗಡಿನ ಮೇಲೆ ಬೆರಳಿನಷ್ಟು ದಪ್ಪ ಧೂಳು. ಕಡ್ಡಿ ಫ್ರಾಕಿನಲ್ಲೇ ಒರೆಸಿ ತೂಗುಹಾಕಿದಳು.

ಆಟ ಮುಗಿಯಲು ಎಂಟು ನಿಮಿಷ. ಕಾರ್ನರ್ ಕಿಕ್. ಬೇಕರಿಯವನು, ಹಳದಿ ಟೀಮಿನ ಡಿಫೆಂಡರ್, ತನ್ನ ದೊಡ್ಡ ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತಾ ಮುಂದೆ ಓಡಿಬಂದ. ಬಂದವನು ಚೆಂಡು ಎಲ್ಲಿದೆ ಅಂತ ತಿಳಿಯದೆ ಬೇರೆ ಕಡೆ ತಿರುಗಿ ನಿಂತ. ಚೆಂಡು ಹಾರಿಬಂದು ಅವನ ಬೆನ್ನಿಗೆ ಧಡ್ ಅಂತ ಬಡಿದು, ನೇರ ಬಲೆಯೊಳಗೆ!

ಮೈದಾನವೆಲ್ಲಾ ಗದ್ದಲ. ರೆಫ್ರಿ ಸೀಟಿ ಊದಿದ. ಗೋಲು ಅಂತ ಊದಿದನೋ, ಫೌಲ್ ಅಂತ ಊದಿದನೋ, ಬೇಕರಿಯವನಿಗೆ ತಿಳಿಯಲಿಲ್ಲ. ಬೆನ್ನು ಉಜ್ಜಿಕೊಳ್ಳುತ್ತಾ ಅವನು ಬೋರ್ಡಿನ ಕಡೆ ನೋಡಿದ.

"ಮೂರು ಹಾಕೇ!" ಎಂದು ಕಿರುಚಿದ ಅತ್ತೆ ತಾನೇ ಬಾಯಿ ಮುಚ್ಚಿಕೊಂಡಳು.

"ಒಂದೂ ಎರಡೂ ಪಕ್ಕಪಕ್ಕ ಹಾಕಿದ್ರೆ?"

"ಹನ್ನೆರಡಾಗತ್ತೆ ಕಣೇ!"

"ಅವರ ಮೂರು?"

'ಅವರು' ಚೌಕದಲ್ಲಿ ನಾಲ್ಕು ತೂಗುತ್ತಿತ್ತು. ಅದರ ಬೆನ್ನ ಮೇಲಿನ ಮೂರು ಇವರಿಬ್ಬರ ಮುಖವನ್ನೇ ನೋಡುತ್ತಿತ್ತು. ಕಣ್ಣೆದುರಿಗೇ ಇದೆ, ತೆಗೆಯೋ ಹಾಗಿಲ್ಲ.

ಕಡ್ಡಿ ಸಂದಿಯಿಂದ ಇಣುಕಿದಳು. ಬೇಕರಿಯವನು ಇನ್ನೂ ಬೋರ್ಡನ್ನೇ ನೋಡುತ್ತಿದ್ದ. ಬೋರ್ಡಿನಲ್ಲಿ ಎರಡೇ ಇತ್ತು. ಅವನ ಮುಖ ಒಲೆಯಿಂದ ತೆಗೆದ ಕೇಕಿನ ಹಾಗೆ ಮೆಲ್ಲಗೆ ಕುಸಿಯತೊಡಗಿತು. ಗೋಲಲ್ಲ ಅಂದುಕೊಂಡು ಅವನು ತಲೆ ತಗ್ಗಿಸಿದ.

ಕಡ್ಡಿ ಎರಡರ ತಗಡನ್ನು ಕಿತ್ತು ಅತ್ತೆಯ ಕೈಗೆ ತುರುಕಿದಳು. ಚೌಕದೊಳಗೆ ತಲೆ ತೂರಿಸಿದಳು, ಹೆಗಲು ತೂರಿಸಿದಳು, ಸೊಂಟದವರೆಗೂ ಹೊರಗೆ ಬಂದಳು. ಬಲಗೈ ಎತ್ತಿ ಮೂರು ಬೆರಳು ತೋರಿಸಿದಳು.

"ಬೇಕರಿ ಮಾಮಾ! ಮೂರು! ಮೂರೂ!"

ಬೇಕರಿಯವನು ತಲೆ ಎತ್ತಿದ. ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಎರಡೂ ಕೈ ಚಾಚಿಕೊಂಡು, ಆ ಹೊಟ್ಟೆ ಹೊತ್ತುಕೊಂಡು ಮೈದಾನದ ಉದ್ದಕ್ಕೂ ಓಡಿದ ನೋಡಿ, ಅವನನ್ನು ಹಿಡಿಯಲು ನಾಲ್ಕು ಜನ ಬೇಕಾಯಿತು!

ಎದುರುಗಡೆ ನೀಲಿಯವರ ಸಾಲುಗಳಲ್ಲಿ ನಗು ಎದ್ದಿತು. ಎರಡನೇ ಸಾಲಿನಲ್ಲಿ ಆ ಎರಡು ಜಡೆಯ ಹುಡುಗಿ ಬಾಯಿ ತೆರೆದು ಇವಳನ್ನೇ ದಿಟ್ಟಿಸುತ್ತಿದ್ದಳು. ಕಡ್ಡಿಗೆ ಥಟ್ಟನೆ ಒಳಗೆ ಸರಿಯಬೇಕು ಅನ್ನಿಸಿತು. ಆದರೆ ತಾನು ಸರಿದರೆ ಚೌಕ ಖಾಲಿ.

ಅವಳು ಸರಿಯಲಿಲ್ಲ. ಬಲಗೈ ನೋಯುತ್ತಿದ್ದಂತೆ ಎಡಗೈ ಎತ್ತಿದಳು. ಎಡಗೈ ನೋಯುತ್ತಿದ್ದಂತೆ ಬಲಗೈ. ಹಿಂದಿನಿಂದ ಅತ್ತೆ ಅವಳ ಫ್ರಾಕಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಬೆರಳು ಮಡಚಬೇಡ್ವೇ, ಎರಡಾಗಿಬಿಡತ್ತೆ!" ಎನ್ನುತ್ತಿದ್ದಳು.

ಕೊನೆಯ ಸೀಟಿ ಊದಿದಾಗಲೂ ಮೂರು ಮೂರೇ, ನಾಲ್ಕು ನಾಲ್ಕೇ.

ಗೇಟಿನ ಹತ್ತಿರ ಎರಡು ಜಡೆ ಕಾಯುತ್ತಿದ್ದಳು. "ಅದು ನೀನಾ? ನೀನು ಹಳದಿನಾ?"

ಕಡ್ಡಿ ನೋಯುತ್ತಿದ್ದ ತೋಳನ್ನು ತಿಕ್ಕಿಕೊಂಡಳು. "ಹೂಂ."

"ಮತ್ತೆ ಕ್ಲಾಸಲ್ಲಿ ನೀಲಿ ಅಂದಿದ್ದೆ?"

"ಅಂದಿದ್ದೆ."

"ಸೋತ್ರಲ್ಲೇ ಆದ್ರೂ!"

"ಗೊತ್ತು. ನಾಲ್ಕು ಹಾಕಿದ್ದು ನಾನೇ."

ಎರಡು ಜಡೆಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೇಳಿದಳು. "ಅಂದ್ರೆ ನನಗೆ ಸುಳ್ಳು ಹೇಳಿದ್ಯಾ?"

ಕಡ್ಡಿ ಹಿಂತಿರುಗಿ ನೋಡಿದಳು. ಮೈದಾನದಲ್ಲಿ ಬೇಕರಿಯವನು ಇನ್ನೂ ಯಾರಿಗೋ ತನ್ನ ಬೆನ್ನು ತೋರಿಸುತ್ತಿದ್ದ.

"ಹೇಳುವಾಗ ಅದು ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ ಕಣೇ" ಅಂದಳು.