ಕಾವಿನ ತೇವ

ನಮ್ಮಣ್ಣ ಗುರುಮಲ್ಲಪ್ಪ ಕಪಿಲೆಯ ದಡಕ್ಕೆ ಸೌದೆ ಕಡಿಯಲು ಹೋದವನು ಮನೆಗೆ ಬರಲಿಲ್ಲ. ಚಪ್ಪಲಿ ದಡದಲ್ಲೂ ಕೊಡಲಿ ನೀರಿನಲ್ಲೂ ಸಿಕ್ಕವು. ವರ್ಷ ಕಳೆದ ಮೇಲೆ, ಹೊಳೆಯ ಪಾಲಾದನೆಂದು ಒಪ್ಪಿ, ಸೋಮವಾರ ಅವನ ಉತ್ತರಕ್ರಿಯೆಯ ಶಿವಗಣಾರಾಧನೆ ಮಾಡುವುದೆಂದು ಮನೆಯವರು ಗೊತ್ತುಮಾಡಿದರು.

ಶನಿವಾರ ತಾಂಡ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಕೂತಿದ್ದೆ. ಅತ್ತಿಗೆ ಚನ್ನಾಜಮ್ಮ ಆ ಕೊಡಲಿ ತಂದು ಮುಂದಿಟ್ಟರು.

“ಅವ್ರ ಕೈಗುರುತು ಕೊಡ್ಲಿ ಕಾವಲ್ಲಿ ಇರೋಗಂಟ ನನ್ ಮನ್ಸು ಒಪ್ಪಲ್ಲ ಕಣಪ್ಪ. ಉಜ್ಜಿ ಹೊಸದು ಮಾಡ್ಬುಡು.”

“ಕೂತಲ್ಲೇ ನಿದ್ದೆ ಬತ್ತಾ ಅದೆ ಅತ್ಗೆ. ನಾಳೆ ಮಾಡ್ತೀನಿ.”

“ನಾಳೆ ಅನ್ನೋದ ನಿಮ್ಮಣ್ಣನ ತಾವ್ಲೇ ಕಲ್ತಿದ್ದೀಯ.”

ಅಣ್ಣ ಎಡಚ. ಅವನ ಎಡಗೈ ಹಿಡಿತಕ್ಕೆ ಕೊಡಲಿಯ ಮರದ ಕಾವು ಕಪ್ಪಾಗಿ ಸವೆದಿತ್ತು. ಆ ರಾತ್ರಿಯೇ ಉಪ್ಪುಕಾಗದದಿಂದ ಮರದ ಬಿಳುಪು ಕಾಣುವವರೆಗೆ ತಿಕ್ಕಿದೆ. ಅಷ್ಟು ಜಾಗ ಬೆಚ್ಚಗಿತ್ತು; ತಿಕ್ಕಿದ್ದಕ್ಕೆ ಎಂದುಕೊಂಡೆ. ಅಲಗನ್ನು ಸಾಣೆಕಲ್ಲಿಗೆ ಮಸೆದು, ಕಾವಿಗೆ ಹರಳೆಣ್ಣೆ ಬಳಿದು, ಜಗಲಿಯ ಗೋಡೆಗೆ ಒರಗಿಸಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಕಾವೆಲ್ಲ ಎಣ್ಣೆ ಕುಡಿದು ಹೊಳೆಯುತ್ತಿತ್ತು. ಎಡಗೈ ಹಿಡಿಯುವಲ್ಲಿ ಮಾತ್ರ ಎಣ್ಣೆ ನಿಂತಿರಲಿಲ್ಲ, ಬರೀ ತೇವ. ಒರೆಸಿದೆ. ಅತ್ತಿಗೆಯನ್ನು ಕರೆದು ತರುವಷ್ಟರಲ್ಲಿ ನಾಲ್ಕು ಬೆರಳಿನ ಅಗಲಕ್ಕೆ ಮತ್ತೆ ತೇವವಾಗಿತ್ತು.

“ಹೊಳೆ ನೀರು ಕುಡ್ದಿತ್ತಲ್ಲ ಅತ್ಗೆ, ಈಗ ಬಿಡ್ತಾ ಅದೆ,” ಎಂದೆ.

ಅವರು ಬೆರಳಿನಿಂದ ಆ ತೇವ ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು.

“ಉಪ್ಪುಪ್ಪಾಗದೆ ಕಣಪ್ಪ. ಹೊಳೆ ನೀರಲ್ಲ, ಬೆವರು. ಮಠದ ಅಯ್ನೋರ್ಗೆ ನಾಳೆ ಆರಾಧ್ನೆಗೆ ಬರ್ಬೇಡಿ ಅಂತ ಹೇಳ್ಬುಡು.”

ಹೇಳಿ ಬಂದೆ. ಆಮೇಲೆ ಎಷ್ಟು ಸಲ ಒರೆಸಿ ಎಣ್ಣೆ ಬಳಿದೆನೋ ಲೆಕ್ಕವಿಲ್ಲ. ಆ ಜಾಗ ಈ ಹೊತ್ತಿಗೂ ಒಣಗಿಲ್ಲ.