ಆಲೆಯಾ ಫಕೀರಣಿಯ ಜಟೆ

ನವೆಂಬರ್ ಹದಿನಾಲ್ಕು, ಗುರುವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಶಿಮುಲ್‌ಖಾಲಿ ಠಾಣೆಗೆ ಬಂದ ಹೆಂಗಸು ಕಂಕುಳಲ್ಲಿದ್ದ ಬಟ್ಟೆಗಂಟನ್ನು ಮೇಜಿನ ಮೇಲಿಟ್ಟು, ಕೂರಲು ಹೇಳುವ ಮೊದಲೇ ಕುರ್ಚಿಯಲ್ಲಿ ಕುಸಿದಳು. ಹೆಸರು ಹಾಸ್ನಾ. ನದಿಯಾಚೆಯ ಬೋಲೂರ್‌ಚರದವಳು.

ಸಬ್ ಇನ್‌ಸ್ಪೆಕ್ಟರ್ ಮೊರ್ಶೆದಾ ಖಾತುನ್ ಗಂಟು ಬಿಚ್ಚಿದಳು. ಒಳಗೆ ಕೂದಲು. ಬೂದಿ ಬಣ್ಣದ, ಹಗ್ಗದಂತೆ ಗಂಟುಗಟ್ಟಿದ ಐದು ಜಟೆಗಳು.

"ಯಾರದ್ದು?"

"ನಮ್ಮ ಗುರುಮಾ, ಆಲೆಯಾ ಫಕೀರಣಿದು. ನಲವತ್ತು ವರ್ಷದ ಜಟೆ, ಆಪಾ. ಅವರ ಗುರುಗಳು ತೀರಿಕೊಂಡ ದಿನದಿಂದ ಕತ್ತರಿ ಮುಟ್ಟಿಸಿರಲಿಲ್ಲ."

"ಕತ್ತರಿಸಿದ್ದು ಯಾರು?"

"ಹತ್ತು ಹನ್ನೆರಡು ಜನ ಬಂದಿದ್ರು. ಎಲ್ಲರ ಮುಖಕ್ಕೂ ಬಟ್ಟೆ ಸುತ್ತಿತ್ತು."

"ಯಾವಾಗ?"

"ನಿನ್ನೆ ಸಂಜೆ, ಅಸರ್ ನಮಾಜ್ ಆದ್ಮೇಲೆ. ಹಾಡೋದು ಹರಾಮು, ಇನ್ಮೇಲೆ ಹಾಡಲ್ಲ ಅಂತ ತೋಬಾ ಮಾಡು ಅಂದ್ರು. ಏಕತಾರಿ, ದೋತಾರಾ ಎಲ್ಲ ಅಂಗಳದಲ್ಲಿ ಸುಟ್ರು. ಈ ಪೂರ್ಣಿಮೆಗೆ ಫಕೀರರೆಲ್ಲ ಸೇರಿ ಹಾಡೋ ಸಾಧುಸಂಗ ಇತ್ತು. ಅಕ್ಕಿ ಬೇರೆ ತಂದಿಟ್ಟಿದ್ವಿ."

ಕಾನ್‌ಸ್ಟೆಬಲ್ ತೊಫಜ್ಜಲ್ ಲೆಡ್ಜರ್ ತೆರೆದವನು ಪೆನ್ನು ಎತ್ತಿ ಹಿಡಿದ. "ಮೇಡಂ, ವಶಪಡಿಸಿಕೊಂಡ ವಸ್ತು ಕಾಲಂನಲ್ಲಿ ಇದನ್ನ ಏನಂತ ಬರೀಲಿ?"

"ಕೂದಲು ಅಂತ ಬರಿ."

"ಬೆಲೆ ಕೇಳುತ್ತೆ ಮೇಡಂ."

"ಹಾಗಾದ್ರೆ ನಿನ್ನ ತಲೆ ಮೇಲಿರೋದಕ್ಕೆ ಎಷ್ಟು ಅಂತ ಮೊದಲು ಹೇಳು."

ತೊಫಜ್ಜಲನ ನೆತ್ತಿ ಬೋಳಾಗಿ ಹತ್ತು ವರ್ಷವಾಗಿತ್ತು. ಹಾಸ್ನಾಳ ಮುಖದಲ್ಲಿಯೂ ಅರೆಕ್ಷಣ ಏನೋ ಸಡಿಲವಾಯಿತು. ಬೆಲೆಯ ಕಾಲಂ ಖಾಲಿ ಉಳಿಯಿತು. ಒಂಬತ್ತು ಐವತ್ತಕ್ಕೆ ಅಪರಿಚಿತ ಹನ್ನೆರಡು ಜನರ ಮೇಲೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಹತ್ತಕ್ಕೆ ಅವರು ದೋಣಿ ದಾಟಿ ಬೋಲೂರ್‌ಚರ ತಲುಪಿದರು. ಪಂಚನಾಮೆಗೆ ಸಾಕ್ಷಿಗಳಾಗಿ ನಿಲ್ಲಲು ಯಾರೂ ಬರಲಿಲ್ಲ. ಕೊನೆಗೆ ದೋಣಿಯವನೂ ಅವನ ಅಣ್ಣನೂ ಒಲ್ಲದ ಮನಸ್ಸಿನಿಂದ ಹೆಬ್ಬೆಟ್ಟು ಒತ್ತಿದರು. ಅಂಗಳದಲ್ಲಿ ಬೂದಿ, ಸುಟ್ಟ ಸೋರೆಬುರುಡೆಯ ಚೂರು, ಒಂದು ತಂತಿ.

ಆಲೆಯಾ ಗುಡಿಸಲೊಳಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಬಿಳಿ ಸೀರೆಯ ಸೆರಗು ಹಣೆಯವರೆಗೆ ಇಳಿದಿತ್ತು. ತೊಫಜ್ಜಲನನ್ನು ಹೊರಗೆ ನಿಲ್ಲಿಸಿ ಮೊರ್ಶೆದಾ ಒಳಗೆ ಹೋದಳು.

"ಗಾಯ ಇದ್ಯಾ ನಾನಿ? ನೋಡ್ಬೇಕು. ವರದಿಗೆ ಬೇಕಾಗುತ್ತೆ."

"ನೋಡು ತಾಯಿ. ನೋಡೋರೆಲ್ಲ ನೋಡಿಯಾಯ್ತು."

ಮೊರ್ಶೆದಾ ಸೆರಗು ಸರಿಸಿದಳು. ಇಂಥ ತಲೆಗಳನ್ನು ಅವಳು ಮೊದಲೂ ನೋಡಿದ್ದಳು. ಪಕ್ಕದ ತಾಲೂಕಿನಲ್ಲಿ ಒಬ್ಬ ಫಕೀರನ ತಲೆಯನ್ನು ಕುಡುಗೋಲಿನಿಂದ ಹೆರೆದಿದ್ದರು, ಒಂದು ಕಿವಿ ಅರ್ಧ ಹೋಗಿತ್ತು. ಇಲ್ಲಿ ಒಂದು ಗೀರೂ ಇರಲಿಲ್ಲ. ಕೂದಲು ಸಮನಾಗಿ ಇಳಿದಿತ್ತು. ಕಿವಿಯ ಹಿಂದೆ, ಕತ್ತಿನ ಮೇಲೆ ರೇಜರ್ ಆಡಿಸಿ ಅಂಚು ಕಟ್ಟಿದ್ದರು. ಕತ್ತಿನ ಸುಕ್ಕಿನಲ್ಲಿ ಬೆಳ್ಳಗೆ ಏನೋ ಒಣಗಿ ಅಂಟಿತ್ತು. ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದಳು. ಒಗರು.

ಪಟಿಕ.

ಹೊರಗೆ ಬಂದು ತೊಫಜ್ಜಲನಿಗೆ ಹೇಳಿದಳು. ಅವನು ಹುಬ್ಬೇರಿಸಿದ. "ಅವಮಾನ ಮಾಡೋಕೆ ಬಂದವನು ಉರಿಯದಿರ್ಲಿ ಅಂತ ಪಟಿಕ ಹಚ್ತಾನಾ ಮೇಡಂ?"

"ಹಚ್ಬೇಕು ಅಂತ ಹಚ್ಚಿಲ್ಲ. ಕೈಗೆ ಅಭ್ಯಾಸ ಆಗಿದೆ. ಕ್ಷೌರ ಮುಗಿದ ಮೇಲೆ ಹಚ್ಚದೆ ಬಿಟ್ರೆ ಆ ಕೈಗೆ ಸಮಾಧಾನ ಇರಲ್ಲ."

ದೋಣಿಯಲ್ಲಿ ಹಿಂದಿರುಗುವಾಗ ಮೊರ್ಶೆದಾಳಿಗೆ ಒಳಗೊಳಗೇ ಖುಷಿಯಾಗಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳನ್ನು ಹೆಚ್ಚಾಗಿ ಅಳುವ ಹೆಂಗಸರ ಪಕ್ಕದಲ್ಲಿ ಕೂರಿಸುತ್ತಿದ್ದರು. ತನಿಖೆ ಮಾಡುವವರು ಬೇರೆಯವರು. ಇದು ಮಾತ್ರ ಅವಳ ಕಣ್ಣಿಗೇ ಬಿದ್ದದ್ದು. ಗಂಡಸೊಬ್ಬ ಆ ಸೆರಗು ಸರಿಸುವಂತಿರಲಿಲ್ಲ. ಸರಿಸಿದ್ದರೂ ಕತ್ತಿನ ಸುಕ್ಕನ್ನು ಅಷ್ಟು ಹತ್ತಿರದಿಂದ ನೋಡುತ್ತಿರಲಿಲ್ಲ.

ದೋಣಿಯವನು ಏನೋ ಗುನುಗಲು ಶುರು ಮಾಡಿ, ಅವಳ ಸಮವಸ್ತ್ರ ನೋಡಿ ನಿಲ್ಲಿಸಿದ. ಅವಳ ಅಜ್ಜಿ ಫಕೀರರಿಗೆ ಅಕ್ಕಿ ಹಾಕಿ, ಪ್ರತಿಯಾಗಿ ಒಂದು ಪದ ಹಾಡಿಸಿಕೊಂಡೇ ಕಳಿಸುತ್ತಿದ್ದಳು. ಐದು ಹೊತ್ತಿನ ನಮಾಜು ತಪ್ಪಿಸದ ಅಜ್ಜಿ. ಆ ಪದಗಳಲ್ಲಿ ಎರಡೋ ಮೂರೋ ಮೊರ್ಶೆದಾಳಿಗೂ ಬರುತ್ತಿದ್ದವು. ಒಲೆಯ ಮುಂದೆ ಹಾಡಿಕೊಳ್ಳುತ್ತಿದ್ದಳು. ಅದು ಯಾವಾಗ ನಿಂತಿತೆಂದು ನೆನಪಿಸಿಕೊಳ್ಳಲು ನೋಡಿದಳು. ಯಾರೂ ಬೇಡವೆಂದಿರಲಿಲ್ಲ. ಪಕ್ಕದ ಮನೆಯವರು ಕಿಟಕಿ ಮುಚ್ಚತೊಡಗಿದ್ದರು, ಅಷ್ಟೆ.

ಸಂಜೆ ನಾಲ್ಕಕ್ಕೆ ವಿಡಿಯೊ ಎಲ್ಲರ ಫೋನುಗಳಿಗೂ ಬಂತು. ಇಪ್ಪತ್ತೆಂಟು ಸೆಕೆಂಡು. ಮುದುಕಿಯ ಬಾಗಿದ ತಲೆ, ಹಿಂದೆ ಘೋಷಣೆ, ಕತ್ತರಿ ಹಿಡಿದ ಎರಡು ತೆಳ್ಳನೆಯ ಕೈ. ರಾಜಧಾನಿಯಲ್ಲಿ ವಿದ್ಯಾರ್ಥಿಗಳು ರಸ್ತೆಗಿಳಿದರಂತೆ. ಆರು ಗಂಟೆಗೆ ಠಾಣಾಧಿಕಾರಿ ಮಕ್ಬುಲ್ ಸಾಹೇಬರು ಅವಳನ್ನು ಕರೆಸಿದರು.

"ಮೇಲಿನಿಂದ ಮೂರು ಸಲ ಫೋನು. ಶನಿವಾರದೊಳಗೆ ಒಂದು ಬಂಧನ ತೋರಿಸ್ಬೇಕು. ಏನಾದ್ರೂ ಸಿಕ್ಕಿದ್ಯಾ?"

"ಕತ್ತರಿಸಿದವನು ಕ್ಷೌರಿಕ ಸರ್."

ಸಾಹೇಬರು ತಲೆಯೆತ್ತಿ ನೋಡಿದರು. "ಶಭಾಷ್," ಎಂದರು. ಅವರ ಬಾಯಿಂದ ಅವಳು ಆ ಮಾತು ಕೇಳಿದ್ದು ಅದೇ ಮೊದಲು.

ಬಜಾರಿನಲ್ಲಿ ಮೂರು ಕ್ಷೌರದಂಗಡಿ. ಎರಡು ಹುಡುಗರ ಸಲೂನು. ಕನ್ನಡಿ, ಎಸಿ, ಬಾಟಲಿಯಿಂದ ಪಿಚಕ್ಕೆನ್ನುವ ಸುಗಂಧ. ಅಲ್ಲಿ ಪಟಿಕ ಕೇಳಿದರೆ ನಗುತ್ತಾರೆ. ಮೂರನೆಯವನು ನಿಬಾರಣ ಶೀಲ. ದೋಣಿಕಟ್ಟೆಯ ಹತ್ತಿರ ತಗಡಿನ ಮಾಡಿನ ಕೆಳಗೆ ಒಂದು ಕುರ್ಚಿ ಇಟ್ಟುಕೊಂಡಿದ್ದ. ಅವನ ಅಪ್ಪನೂ ಅಜ್ಜನೂ ಅಲ್ಲಿಯೇ ಕೂತು ಊರಿನ ಗಡ್ಡ ಕೆರೆದವರು. ಬಜಾರಿನ ಹಿಂದಿನ ಶೀಲಪಾಡಾದಲ್ಲಿ ಹದಿನೇಳು ಹಿಂದೂ ಮನೆಗಳು, ಅವುಗಳಲ್ಲೊಂದು ಅವನದು.

ಹದಿನೈದು, ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಅವಳು ಹೋದಾಗ ಅವನು ಕುರ್ಚಿ ಒರೆಸುತ್ತಿದ್ದ. ಐವತ್ತರ ಆಸುಪಾಸಿನ ಬಡಕಲು ಮನುಷ್ಯ. ಕನ್ನಡಿಯ ಕೆಳಗೆ, ಬಳಸಿ ಬಳಸಿ ಸವೆದ ಪಟಿಕದ ಗಡ್ಡೆ.

"ನಿಬಾರಣ, ಬುಧವಾರ ಸಂಜೆ ಅಂಗಡಿ ಯಾಕೆ ಮುಚ್ಚಿತ್ತು?"

ಅವನು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. ಮತ್ತೆ ಬಿಚ್ಚಿದ.

"ಎರಡು ದಿನದಿಂದ ನಿಮಗೇ ಕಾಯ್ತಿದ್ದೆ ಮೇಡಂ," ಎಂದ. "ಊಟ ಸೇರಿಲ್ಲ."

ಎಂಟು ಹತ್ತಕ್ಕೆ ಠಾಣೆಯ ಹಿಂದಿನ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಬರೆದುಕೊಳ್ಳಲು ತೊಫಜ್ಜಲ್.

"ನಿನ್ನನ್ನ ಕರೆದವರು ಯಾರು?"

"ಮುಖಕ್ಕೆ ಬಟ್ಟೆ ಇತ್ತು."

"ಧ್ವನಿಗೆ ಇರ್ಲಿಲ್ವಲ್ಲ. ಮೂವತ್ತು ವರ್ಷ ಊರೋರ ಗಲ್ಲ ಹಿಡಿದವನು ನೀನು."

ನಿಬಾರಣ ನೆಲ ನೋಡಿದ.

"ಬಲವಂತ ಮಾಡಿದ್ರಾ?"

"ಪೆಟ್ಟಿಗೆ ತಗೊಂಡು ಬಾ ಅಂದ್ರು. ಹೋದೆ. ಅಲ್ಲಿ ನೋಡಿದ್ರೆ ಆಲೆಯಾ ಮಾಸಿ. ಕೈ ಆಡ್ಲಿಲ್ಲ ಮೇಡಂ. ನನ್ನಿಂದ ಆಗಲ್ಲ ಅಂದೆ. ಆಗ ಒಬ್ಬ ಕುಡುಗೋಲು ತೆಗೆದ. ಹಸುವಿಗೆ ಹುಲ್ಲು ಕೊಯ್ಯೋದು, ಹಲ್ಲು ಹಲ್ಲು ಇರುತ್ತಲ್ಲ, ಅದು. ನೀನು ಬಿಟ್ರೆ ಇದರಲ್ಲಿ ನಾನೇ ಮಾಡ್ತೀನಿ ಅಂದ. ಅವನಿಗೆ ಕೊಟ್ರೆ ಮಾಸಿಯ ಕಿವಿ ಉಳೀತಿತ್ತಾ? ಕೊಡು ಇತ್ಲಾಗೆ, ನಾನೇ ಮಾಡ್ತೀನಿ ಅಂದೆ."

ತೊಫಜ್ಜಲನ ಪೆನ್ನು ನಿಂತಿತ್ತು. ಮೊರ್ಶೆದಾ ಅವನಿಗೆ ಬರೆ ಎಂದು ಸನ್ನೆ ಮಾಡಲಿಲ್ಲ.

"ಕೇಳು ನಿಬಾರಣ. ಆ ಕುಡುಗೋಲಿನವನ ಹೆಸರು ಹೇಳು. ನಿನ್ನನ್ನ ಸಾಕ್ಷಿ ಮಾಡ್ತೀನಿ, ಆರೋಪಿ ಅಲ್ಲ. ಹೇಳದಿದ್ರೆ ಈ ವಿಡಿಯೊದಲ್ಲಿರೋದು ನಿನ್ನ ಕೈ ಮಾತ್ರ."

"ನಂಗೆ ಇಬ್ಬರು ಹೆಣ್ಣುಮಕ್ಕಳು ಮೇಡಂ. ದೊಡ್ಡವಳು ಸ್ಕೂಲಿಗೆ ಹೋಗೋ ದಾರಿ ಅವರ ಗೊಬ್ಬರದಂಗಡಿ ಮುಂದೇನೇ."

ಹೇಳಿ ನಾಲಿಗೆ ಕಚ್ಚಿಕೊಂಡ. ಬಜಾರಿನಲ್ಲಿ ಗೊಬ್ಬರದಂಗಡಿ ಇದ್ದದ್ದು ಒಂದೇ. ಸೊಬ್ಹಾನ್ ಮೋಲ್ಲಾನದು. ಈಮಾನ್ ರಕ್ಷಣಾ ಸಮಿತಿಯ ಕಾರ್ಯದರ್ಶಿ, ಯೂನಿಯನ್ ಪಂಚಾಯಿತಿ ಅಧ್ಯಕ್ಷರ ಷಡ್ಡಕ.

"ಅದನ್ನ ಬರೀಬೇಡಿ ಮೇಡಂ. ನಿಮ್ಮ ಕಾಲು ಹಿಡೀತೀನಿ. ನಾನು ಹೇಳ್ಲಿಲ್ಲ. ಸಹಿ ಹಾಕಲ್ಲ."

ಆ ಹೆಸರು ಹೇಳಬಲ್ಲವಳು ಇನ್ನೊಬ್ಬಳು ಉಳಿದಿದ್ದಳು. ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ಮೊರ್ಶೆದಾ ಮತ್ತೆ ನದಿ ದಾಟಿ ಆಲೆಯಾಳ ಮುಂದೆ ಕುಳಿತಳು. ಪೊಲೀಸಿನವರಿಗೆ ಬಾಗಿಲು ತೆರೆದ ಹಾಸ್ನಾ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋದಳು. ಅವಳ ಗಂಡನನ್ನು ಬೆಳಿಗ್ಗೆ ಯಾರೋ ದಾರಿಯಲ್ಲಿ ನಿಲ್ಲಿಸಿ ಕುಶಲ ವಿಚಾರಿಸಿದ್ದರಂತೆ.

"ನಾನಿ, ನೀವೊಬ್ಬರು ಸೊಬ್ಹಾನ್ ಅಂದ್ರೆ ಸಾಕು. ನಿಬಾರಣ ಉಳೀತಾನೆ."

ಮುದುಕಿ ನಕ್ಕಳು. ಹಲ್ಲಿಲ್ಲದ ಬಾಯಿ. "ಆ ಸೊಬ್ಹಾನ್ ಕಾಲು ಮುಂದಾಗಿ ಹುಟ್ಟಿದವನು ತಾಯಿ. ಅವನಮ್ಮನಿಗೆ ಮೂರು ದಿನ ನೋವು. ನಾನೇ ಎಳ್ದೆ. ಮುಖಕ್ಕೆ ಬಟ್ಟೆ ಕಟ್ಟಿದ್ರೆ ನಂಗೆ ಗೊತ್ತಾಗಲ್ವಾ ಅವನ ನಡಿಗೆ?"

"ಹಾಗಿದ್ರೆ ಹೇಳಿ. ಬರ್ಕೋತೀನಿ."

"ನೀನು ಬರ್ಕೊಂಡು ದೋಣಿ ಹತ್ತಿ ಹೋಗ್ತೀಯ. ಹಾಸ್ನಾ ಎಲ್ಲಿಗೆ ಹೋಗ್ತಾಳೆ? ಅವಳ ಮಗು ಇನ್ನೂ ಮೊಲೆ ಬಿಟ್ಟಿಲ್ಲ."

"ನಿಬಾರಣ ಜೈಲಿಗೆ ಹೋಗ್ತಾನೆ ನಾನಿ."

ಆಲೆಯಾ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. "ಒಂದೊಂದು ಜಟೆಗೂ ಮಾಸಿ, ಮಾಸಿ ಅಂತಿದ್ದ," ಎಂದಳು. "ಸಣ್ಣಕೆ ಅಳ್ತಿದ್ದ. ನಾನೇ ಅವನಿಗೆ, ಬೇಗ ಮುಗಿಸಪ್ಪಾ ಅಂದೆ." ಆಮೇಲೆ ಗೋಡೆಯ ಕಡೆ ತಿರುಗಿದಳು. "ಹಾಡಲ್ಲ ಅಂತ ತೋಬಾ ಮಾಡಿಯಾಗಿದೆ. ಈಗ ನೀನು ಮಾತಾಡು ಅಂತೀಯ."

ಹದಿನಾರು, ಶನಿವಾರ. ಬೆಳಿಗ್ಗೆ ಹತ್ತಕ್ಕೆ ಠಾಣೆಯ ಮುಂದೆ ಮುನ್ನೂರು ಜನರ ಮೆರವಣಿಗೆ ಬಂದು ನಿಂತಿತು. ಮುಂದಿನ ಬ್ಯಾನರು ಈಮಾನ್ ರಕ್ಷಣಾ ಸಮಿತಿಯದು. ಮುಸಲ್ಮಾನ ಹೆಂಗಸಿನ ತಲೆಗೆ ಕೈ ಹಾಕಿದ ಶೀಲನನ್ನು ಗಲ್ಲಿಗೇರಿಸಿ ಎಂದು ಕೂಗುತ್ತಿದ್ದರು. ಬುಧವಾರ ಆ ಮುದುಕಿಯನ್ನು ಕಾಫಿರಳು ಎಂದಿದ್ದ ಗಂಟಲುಗಳೇ ಅವು. ನಿಬಾರಣನ ಹೆಸರು ಹೊರಗೆ ಹೋದದ್ದು ಹೇಗೆ ಎಂದು ಮೊರ್ಶೆದಾ ತೊಫಜ್ಜಲನ ಮುಖ ನೋಡಿದಳು. ಅವನು ತಲೆಯಾಡಿಸಿ ಸಾಹೇಬರ ಕೋಣೆಯ ಕಡೆ ಕಣ್ಣು ಹೊರಳಿಸಿದ.

ಕೋಣೆಯಲ್ಲಿ ಸೊಬ್ಹಾನ್ ಮೋಲ್ಲಾ ಚಹಾ ಕುಡಿಯುತ್ತಿದ್ದ. ನಲವತ್ತರ ಅಚ್ಚುಕಟ್ಟಾದ ಗಂಡಸು. ಅವಳು ಬಂದೊಡನೆ ಎದ್ದು ನಿಂತ.

"ಸಲಾಂ ಆಪಾ. ಒಂದೇ ದಿನದಲ್ಲಿ ಹಿಡಿದ್ರಿ. ನಮ್ಮೂರಿನ ಹೆಮ್ಮೆ ನೀವು."

"ಬುಧವಾರ ಅಸರ್ ಆದ್ಮೇಲೆ ನೀವು ಎಲ್ಲಿದ್ರಿ?"

"ಮಸೀದಿಯಲ್ಲಿ. ಮೂವತ್ತು ಜನ ಸಾಕ್ಷಿ ಇದ್ದಾರೆ." ಅವನು ನಗಲಿಲ್ಲ. "ಬರ್ಕೋತೀರಾ ಆಪಾ? ಪೆನ್ನು ಕೊಡ್ಲಾ?"

ಅವನು ಹೊರಗೆ ಹೋದ ಮೇಲೆ ಸಾಹೇಬರು ಬಾಗಿಲು ಮುಚ್ಚಿದರು. ಅವರ ಹಣೆಯಲ್ಲಿ ಬೆವರಿತ್ತು.

"ಕೂತ್ಕೋ ಮೊರ್ಶೆದಾ. ನಂಗೂ ಗೊತ್ತು. ಆದ್ರೆ ಠಾಣೆಯಲ್ಲಿ ಇರೋದು ಹನ್ನೊಂದು ಜನ ಪೊಲೀಸರು. ಶೀಲಪಾಡಾದಲ್ಲಿ ಹದಿನೇಳು ಮನೆ. ಧರ್ಮದ ಮಾತು ಕಾಗದದಲ್ಲಿ ಬಂದ್ರೆ ಈ ಜನ ಇಲ್ಲಿಂದ ನೇರ ಅಲ್ಲಿಗೆ ಹೋಗ್ತಾರೆ. ಹಳೇ ವೈಯಕ್ತಿಕ ಜಗಳ ಅಂತ ಬರಿ. ಹಾಗಾದ್ರೆ ಜನರನ್ನ ವಾಪಸ್ ಕರ್ಕೊಂಡು ಹೋಗ್ತೀನಿ ಅಂತ ಸೊಬ್ಹಾನ್ ಅಂದಿದ್ದಾನೆ."

"ಅವನ ಹತ್ರ ಮಾತಾಡಿ ಆಯ್ತಾ ಸರ್?"

"ಹದಿನೇಳು ಮನೆ ಅಂದೆ."

ಅವಳು ತನ್ನ ಮೇಜಿಗೆ ಬಂದು ಕುಳಿತಳು. ಪಟಿಕದ ಆ ಚೂರನ್ನು ತಾನು ನೋಡದೆ ಹೋಗಿದ್ದರೆ ಏನಾಗುತ್ತಿತ್ತು? ಅಪರಿಚಿತ ಹನ್ನೆರಡು ಜನರ ಮೇಲಿನ ಎಫ್‌ಐಆರ್ ಆರು ತಿಂಗಳು ಕಪಾಟಿನಲ್ಲಿ ಧೂಳು ತಿಂದು ಮುಗಿಯುತ್ತಿತ್ತು. ನಿಬಾರಣ ಈಗ ದೋಣಿಕಟ್ಟೆಯಲ್ಲಿ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿರುತ್ತಿದ್ದ. ಒಳ್ಳೆಯ ತನಿಖೆ ಮಾಡಿದ ಹೆಂಗಸು ತಾನು. ಶಭಾಷ್ ಅನ್ನಿಸಿಕೊಂಡವಳು.

ಹೊರಗಿನ ಕೂಗು ಜೋರಾಯಿತು. ಅವಳು ಪೆನ್ನು ತೆರೆದಳು.

ಹನ್ನೆರಡು ನಲವತ್ತಕ್ಕೆ ನಿಬಾರಣ ಶೀಲನ ಬಂಧನ ದಾಖಲಾಯಿತು. ಕಾರಣದ ಕಾಲಂನಲ್ಲಿ 'ದೂರುದಾರಳ ಕಡೆಯವರೊಂದಿಗೆ ಹಳೆಯ ವೈಯಕ್ತಿಕ ಜಗಳ' ಎಂದು ಅವಳ ದುಂಡನೆಯ ಅಕ್ಷರದಲ್ಲಿತ್ತು. ಹನ್ನೆರಡು ಐವತ್ತೈದಕ್ಕೆ ಮೆರವಣಿಗೆ ಚದುರಿತು. ಶೀಲಪಾಡಾದ ಕಡೆ ಯಾರೂ ಹೋಗಲಿಲ್ಲ.

ಕೋರ್ಟಿಗೆ ಕರೆದೊಯ್ಯುವ ವ್ಯಾನು ಹಿತ್ತಲಲ್ಲಿ ನಿಂತಿತ್ತು. ನಿಬಾರಣ ಕಾಗದವನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿದ. ಅವನಿಗೆ ಓದಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಹಿಂದಿರುಗಿಸಿದ.

"ಮೇಡಂ, ಮ್ಯಾಜಿಸ್ಟ್ರೇಟ್ ಸಾಹೇಬರು ಯಾವ ಜಗಳ ಅಂತ ಕೇಳಿದ್ರೆ ಏನು ಹೇಳ್ಲಿ?"

ಅವಳು ಪೆನ್ನನ್ನು ಜೇಬಿಗೆ ಸಿಕ್ಕಿಸಿದಳು.

"ಏನಾದ್ರೂ ಒಂದು ಹೇಳಿಕೊಡಿ. ತಪ್ಪಿ ಬೇರೆ ಏನೋ ಬಾಯಿಂದ ಬಂದುಬಿಟ್ರೆ ಕಷ್ಟ."

ತೊಫಜ್ಜಲ್ ಮುಖ ತಿರುಗಿಸಿ ನಿಂತಿದ್ದ.

"ಬೇಲಿ," ಎಂದಳು ಮೊರ್ಶೆದಾ. "ಬೇಲಿಯ ಜಗಳ ಅನ್ನು."

ಅವನ ಮನೆಗೂ ಆಲೆಯಾಳ ಗುಡಿಸಲಿಗೂ ನಡುವೆ ಒಂದು ಬಜಾರು, ಒಂದು ನದಿ ಇದ್ದವು.

"ಬೇಲಿ," ಎಂದ ನಿಬಾರಣ. ವ್ಯಾನಿನ ಮೆಟ್ಟಿಲು ಹತ್ತುತ್ತ ಇನ್ನೊಂದು ಸಲ ಹೇಳಿಕೊಂಡ. "ಎಷ್ಟು ವರ್ಷದಿಂದ ಅನ್ಲಿ ಮೇಡಂ?"